ಪಾಲಿಶಮ್ಮ ಮತ್ತು ಮೂವತ್ತೊಂದು ಕಿರಣದ ಸೂರ್ಯ

ಭಾನುವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಪಾಲಿಶಮ್ಮ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು, ಒಂದು ಹಳೆಯ ನಾಣ್ಯದ ಮೇಲಿದ್ದ ಸೂರ್ಯನ ಕಿರಣಗಳನ್ನು ಎರಡನೆಯ ಸಲ ಎಣಿಸುತ್ತಿದ್ದರು. ಮೊದಲ ಸಲ ಮೂವತ್ತೊಂದು ಬಂದಿತ್ತು. ಬರಬೇಕಾದದ್ದು ಮೂವತ್ತೆರಡು.

ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದು ಅವರ ನೋಟುಬುಕ್ಕಿನಿಂದ. ನೋಡಿದ ಪ್ರತಿ ನಾಣ್ಯಕ್ಕೂ ಅದರಲ್ಲಿ ಒಂದು ಸಾಲು ಇದೆ. ಸಾಲಿನ ಮೊದಲಲ್ಲಿ ದಿನಾಂಕ, ಗಂಟೆ, ಆಮೇಲೆ ಬೆಳಕು ಕಿಟಕಿಯದೋ ದೀಪದ್ದೋ ಎಂಬುದು. ಎಣಿಸುವುದಕ್ಕೂ ಒಂದು ಕ್ರಮವಿತ್ತು. ಸೂರ್ಯನ ನೆತ್ತಿಯ ಕಿರಣಕ್ಕೆ ಎದುರಾಗಿ ಒಂದು ಹಲ್ಲುಕಡ್ಡಿ ಇಡುವುದು. ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಒಂದು ಸುತ್ತು, ಎದುರು ದಿಕ್ಕಿಗೆ ಇನ್ನೊಂದು ಸುತ್ತು. ಎರಡೂ ತಾಳೆಯಾದರೆ ಮಾತ್ರ ಬರೆಯುವುದು.

ಯಜಮಾನರು ಎದುರಿನ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸುಮ್ಮನೆ ಕೂರುವುದು ಅವರಿಗೆ ಒಗ್ಗುವುದಿಲ್ಲ.

“ಇನ್ನೂ ಎಷ್ಟು ಹೊತ್ತೇ? ಆಕಾಶದ ಸೂರ್ಯ ಮುಳುಗೋದ್ರೊಳಗೆ ಈ ಸೂರ್ಯ ಮುಗೀತಾನಾ?”

“ಮಾತಾಡಿಸ್ಬೇಡ್ರೀ. ಇಪ್ಪತ್ತರಲ್ಲಿದ್ದೀನಿ.”

“ನೀನು ಇಪ್ಪತ್ತರಲ್ಲಿದ್ದಾಗ ಮಾತಾಡಿಸಿದ್ರೆ ನಗ್ತಿದ್ದೆ.”

ಪಾಲಿಶಮ್ಮ ನಕ್ಕರು, ಲೆಕ್ಕ ತಪ್ಪಿತು, ಹಲ್ಲುಕಡ್ಡಿಯಿಂದ ಮತ್ತೆ ಶುರು ಮಾಡಿದರು. ಮೂವತ್ತೊಂದು. ಎದುರು ದಿಕ್ಕಿಗೂ ಮೂವತ್ತೊಂದು. ಭೂತಗನ್ನಡಿಯಲ್ಲಿ ನೋಡಿದರೆ, ಗಡಿಯಾರದಲ್ಲಿ ಐದು ಗಂಟೆ ಇರುವ ಜಾಗದಲ್ಲಿ, ಎರಡು ಉದ್ದ ಕಿರಣಗಳ ನಡುವೆ ಇರಬೇಕಾದ ಒಂದು ಗಿಡ್ಡ ಕಿರಣ ಇಲ್ಲ. ಆ ಜಾಗ ಬೋಳು. ಬೋಳಿನ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳು, ಎಲ್ಲವೂ ಒಂದೇ ಓರೆಯಲ್ಲಿ.

ಅವರು ಭೂತಗನ್ನಡಿ ಕೆಳಗಿಟ್ಟು, “ಯಾರೋ ನನ್ನ ಹಾಗೇ ಮಾಡಿದ್ದಾರೆ ರೀ” ಎಂದರು.

ಆ ಮಾತು ಅರ್ಥವಾಗಬೇಕಾದರೆ ಅವರ ಕೆಲಸ ಗೊತ್ತಿರಬೇಕು. ಪದಕ, ಬಿಲ್ಲೆ, ಸಮವಸ್ತ್ರದ ಗುಂಡಿ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಮೂವತ್ತನಾಲ್ಕು ವರ್ಷದಿಂದ ಅಚ್ಚುಗಳಿಗೆ ಪಾಲಿಶ್ ಹಾಕುತ್ತಿದ್ದಾರೆ. ಅಚ್ಚು ಎಂದರೆ ಗಟ್ಟಿ ಉಕ್ಕಿನ ತುಂಡು. ಅದರ ಮುಖದಲ್ಲಿ ಚಿತ್ರವನ್ನು ತಗ್ಗಾಗಿ ಕೊರೆದಿರುತ್ತಾರೆ. ಲೋಹದ ಬಿಲ್ಲೆಯನ್ನು ಅದರ ಕೆಳಗಿಟ್ಟು ಯಂತ್ರದಲ್ಲಿ ಒತ್ತಿದಾಗ ಅಚ್ಚಿನ ತಗ್ಗು ಬಿಲ್ಲೆಯ ಮೇಲೆ ಉಬ್ಬಾಗಿ ಏಳುತ್ತದೆ. ಸಾವಿರಾರು ಸಲ ಒತ್ತಿದ ಮೇಲೆ ಅಚ್ಚು ಮಂಕಾಗುತ್ತದೆ, ಇಲ್ಲವೇ ತುಕ್ಕು ಹಿಡಿಯುತ್ತದೆ. ಆಗ ಅದು ಪಾಲಿಶಮ್ಮನ ಕೋಣೆಗೆ ಬರುತ್ತದೆ: ಒಂದು ದೊಡ್ಡ ಕಿಟಕಿ, ಅಚ್ಚು ಹಿಡಿಸುವ ಮೂರು ಮರದ ದಿಮ್ಮಿ, ಡಬ್ಬಿಗಳಲ್ಲಿ ಪಾಲಿಶ್ ಪುಡಿ, ಕೈ ತೊಳೆಯಲು ಒಂದು ತೊಟ್ಟಿ. ಅವರ ಬಲಗೈ ಹೆಬ್ಬೆರಳಿನ ಗೆರೆಗಳು ಎಂದೋ ಸವೆದುಹೋಗಿವೆ. “ನಾನು ಕಳ್ಳತನ ಮಾಡಿದ್ರೆ ಪೊಲೀಸರಿಗೆ ಬೆರಳಚ್ಚು ಸಿಗಲ್ಲ” ಎಂದು ಅವರೇ ನಗುತ್ತಾರೆ. ಹೆಸರಿಟ್ಟವರು ಯಂತ್ರದ ಕಡೆಯ ಕೆಲಸಗಾರರು. ಈಗ ಬ್ಯಾಂಕಿನಲ್ಲೂ ಅವರನ್ನು ಪಾಲಿಶಮ್ಮ ಎಂದೇ ಕರೆಯುತ್ತಾರೆ.

ಕೆಲಸಕ್ಕೆ ಸೇರಿದ ಹನ್ನೊಂದನೆಯ ವರ್ಷ ಅವರಿಂದ ಒಂದು ತಪ್ಪಾಯಿತು. ಯಾವುದೋ ಶಾಲೆಯ ಪದಕ. ತೆರೆದ ಪುಸ್ತಕ, ಅದರ ಮೇಲೆ ಉರಿಯುವ ದೀಪ. ಅಚ್ಚಿಗೆ ಹಿಡಿದಿದ್ದ ತುಕ್ಕು ತೆಗೆಯುವ ಭರದಲ್ಲಿ ಒಂದೆರಡು ಸುತ್ತು ಹೆಚ್ಚಿಗೆ ಉಜ್ಜಿದರು. ದೀಪದ ಕುಡಿಯನ್ನು ತೀರ ಮೇಲೆಮೇಲೆ ಕೊರೆದಿದ್ದರು. ಸುತ್ತಲ ಉಕ್ಕು ಸವೆದು ಅದರ ಮಟ್ಟಕ್ಕೆ ಇಳಿದಾಗ ಕುಡಿ ಮಾಯವಾಯಿತು. ಆರುನೂರು ಪದಕ ಒತ್ತಿ ಮುಗಿಯುವವರೆಗೆ ಯಾರೂ ಗಮನಿಸಲಿಲ್ಲ. “ಪಾಲಿಶಮ್ಮ ದೀಪ ಊದಿಬಿಟ್ರು” ಎಂದು ಕಾರ್ಖಾನೆಯೆಲ್ಲ ಆಡಿಕೊಂಡಿತು. ಆ ಪದಕಗಳಲ್ಲಿ ಒಂದನ್ನು ಅವರು ಇಟ್ಟುಕೊಂಡರು. ಅದರ ಮೇಲೆ, ಕುಡಿ ಇರಬೇಕಾದ ಜಾಗದಲ್ಲಿ, ಕೂದಲಿಗಿಂತ ಸಣ್ಣ ಗೆರೆಗಳಿದ್ದವು. ಉಜ್ಜಿದಾಗ ಅಚ್ಚಿನ ಮೇಲೆ ಬಿದ್ದ ಗೀರುಗಳು. ಪದಕದ ಮೇಲೆ ಉಬ್ಬಿ ನಿಂತಿದ್ದವು.

ಸೂರ್ಯನ ಹುಚ್ಚು ಹಿಡಿದದ್ದೂ ಕಾರ್ಖಾನೆಯಲ್ಲೇ. ಪದಕ ಮಾಡಿಸಲು ಬರುವ ಹತ್ತು ಜನರಲ್ಲಿ ಆರು ಜನ, “ಹಿಂದ್ಗಡೆ ಒಂದು ಸೂರ್ಯ ಇರಲಿ” ಎನ್ನುತ್ತಾರೆ. ಕಿರಣಗಳ ಸಂದಿ ಪಾಲಿಶ್ ಮಾಡುವವರಿಗೆ ನರಕ. ನರಕವನ್ನು ಅಷ್ಟು ಹತ್ತಿರದಿಂದ ನೋಡಿದ ಮೇಲೆ ಅವರಿಗೆ ಅದರ ಮೇಲೆ ಪ್ರೀತಿ ಬಂತು. ಸೂರ್ಯನಿರುವ ನಾಣ್ಯ ಸಿಕ್ಕಲ್ಲೆಲ್ಲ ಕೂಡಿಸತೊಡಗಿದರು. ನೆಟ್ಟಗಿನ ಕಿರಣ, ಅಲೆಯಂತೆ ಬಳುಕುವ ಕಿರಣ, ಬುಡ ದಪ್ಪವಾಗಿ ತುದಿ ಚೂಪಾದ ಕಿರಣ, ಗೆರೆಯ ಬದಲು ಚುಕ್ಕೆಗಳ ಸಾಲು, ಬೆಟ್ಟದ ಹಿಂದಿನಿಂದ ಅರ್ಧ ಮಾತ್ರ ಎದ್ದದ್ದು. ಕಣ್ಣು ಮೂಗು ಇದ್ದ ಒಬ್ಬ ಸೂರ್ಯನಿಗೆ ಯಜಮಾನರು ತಮ್ಮ ಹಳೆಯ ಮೇಲಧಿಕಾರಿಯ ಹೆಸರಿಟ್ಟಿದ್ದರು.

ಇವೆಲ್ಲದರಲ್ಲಿ ಅವರಿಗೆ ಹೆಚ್ಚು ಇಷ್ಟವಾದದ್ದು ತೀರ ಸಾಮಾನ್ಯವಾದ ಒಂದು ನಾಣ್ಯ, ಚಲಾವಣೆಯಿಂದ ಎಂದೋ ಹೋದ ಐದರ ಬಿಲ್ಲೆ. ಸಂಗ್ರಾಹಕರು ಅದನ್ನು ‘ಸೂರ್ಯ ಐದು’ ಎನ್ನುತ್ತಾರೆ. ಹದಿನಾರು ಉದ್ದ ಕಿರಣ, ನಡುನಡುವೆ ಹದಿನಾರು ಗಿಡ್ಡ ಕಿರಣ. ಅದರಲ್ಲಿ ಎರಡು ಬಗೆ ಎಲ್ಲರಿಗೂ ಗೊತ್ತಿತ್ತು: ಉದ್ದ ಕಿರಣದ ತುದಿ ಅಂಚನ್ನು ಮುಟ್ಟುವುದು ಒಂದು, ಮುಟ್ಟದೆ ನಿಲ್ಲುವುದು ಇನ್ನೊಂದು. ಮೂರನೆಯ ಬಗೆಯನ್ನು ಯಾರೂ ಕಂಡಿರಲಿಲ್ಲ. ಆ ಭಾನುವಾರ ಅದು ಬಿಳಿ ಬಟ್ಟೆಯ ಮೇಲೆ ಕೂತಿತ್ತು. ಯಾವುದೋ ಟಂಕಸಾಲೆಯಲ್ಲಿ, ಇವರಂಥವರೇ ಒಬ್ಬರು, ಒಂದೆರಡು ಸುತ್ತು ಹೆಚ್ಚಿಗೆ ಉಜ್ಜಿ ಸೂರ್ಯನ ಒಂದು ಕಿರಣ ಊದಿಬಿಟ್ಟಿದ್ದರು.

ಊರಿನ ನಾಣ್ಯ ಸಂಗ್ರಾಹಕರ ಸಂಘ ಒಂದು ಕೈಪಿಡಿ ಅಚ್ಚು ಹಾಕುತ್ತದೆ. ಅದರಲ್ಲಿ ಬಂದರೆ ಹೊಸ ಬಗೆ ಲೆಕ್ಕಕ್ಕೆ ಸೇರಿದ ಹಾಗೆ. ಪಾಲಿಶಮ್ಮ ನಾಣ್ಯವನ್ನು ಲಕೋಟೆಯಲ್ಲಿಟ್ಟು ಒಂದು ಪುಟದ ವಿವರಣೆಯೊಂದಿಗೆ ಸಂಘಕ್ಕೆ ಕೊಟ್ಟರು. ಕಾರ್ಯದರ್ಶಿಯವರು ಫೋಟೋ ಸ್ಟುಡಿಯೋ ಇಟ್ಟವರು. ಬೋಳು ಜಾಗವನ್ನಷ್ಟೇ ಅಂಗೈಯಗಲ ದೊಡ್ಡದು ಮಾಡಿ ಫೋಟೋ ತೆಗೆದರು. ಸಮಿತಿ ಆ ಫೋಟೋ ನೋಡಿತು. ಹತ್ತು ದಿನಕ್ಕೆ ನಾಣ್ಯ, ಫೋಟೋ ಮತ್ತು ಪತ್ರ ಮನೆಗೆ ಬಂದವು.

ಪತ್ರದಲ್ಲಿ ಹೀಗಿತ್ತು: “ಕಿರಣವಿರಬೇಕಾದ ಜಾಗದಲ್ಲಿ ಉಪಕರಣದಿಂದ ಉಜ್ಜಿದ ತಗ್ಗು ಗೀರುಗಳು ಸ್ಪಷ್ಟವಾಗಿ ಕಾಣುತ್ತವೆ. ಸದಸ್ಯೆಯ ವೃತ್ತಿಯನ್ನೂ ಗಮನಿಸಿ, ನಾಣ್ಯವನ್ನು ತಿದ್ದಲಾಗಿದೆ ಎಂದು ಸಮಿತಿ ಭಾವಿಸುತ್ತದೆ. ವಾರ್ಷಿಕ ಸಭೆಯಲ್ಲಿ ಸಮಜಾಯಿಷಿ ಕೊಡತಕ್ಕದ್ದು.” ತಿದ್ದಿದ ನಾಣ್ಯವನ್ನು ತಿಳಿದೂ ತಂದುಕೊಟ್ಟವರ ಸದಸ್ಯತ್ವ ಹೋಗುತ್ತದೆ ಎಂಬ ನಿಯಮವನ್ನು ಕೆಳಗೆ ಬರೆದಿದ್ದರು. ಸಭೆಗೆ ಮೂರು ವಾರವಿತ್ತು.

ಪಾಲಿಶಮ್ಮನಿಗೆ ಸದಸ್ಯತ್ವ ಹೋಗುವುದಕ್ಕಿಂತ ಹೆಚ್ಚು ಚುಚ್ಚಿದ್ದು ‘ವೃತ್ತಿಯನ್ನೂ ಗಮನಿಸಿ’ ಎಂಬ ಎರಡು ಪದ. ಮೂವತ್ತನಾಲ್ಕು ವರ್ಷ ದುಡಿದ ಕೈಯೇ ಅವರ ವಿರುದ್ಧ ಸಾಕ್ಷಿ ಹೇಳಿದ ಹಾಗಾಯಿತು. ಆ ವಾರವೇ, ಅವರೊಂದಿಗೆ ನಾಣ್ಯ ಅದಲುಬದಲು ಮಾಡಿಕೊಂಡಿದ್ದ ಸದಸ್ಯರೊಬ್ಬರು ಮನೆ ಬಾಗಿಲಿಗೆ ಬಂದು, ಅವರಿಂದ ಪಡೆದಿದ್ದ ನಾಲ್ಕು ನಾಣ್ಯ ವಾಪಸು ಕೊಟ್ಟರು.

“ತಪ್ಪು ತಿಳ್ಕೋಬೇಡಿ ಅಮ್ಮಾ. ನಾಳೆ ಯಾರಾದ್ರೂ ಕೇಳಿದ್ರೆ ಅಂತ...”

“ಕೇಳಿದ್ರೆ ಏನಂತೆ? ನಾಣ್ಯ ಸುಳ್ಳಾ, ನಾನು ಸುಳ್ಳಾ?”

ಬಂದವರು ಚಪ್ಪಲಿ ಹುಡುಕಿಕೊಂಡು ಹೊರಟರು.

ಇನ್ನೊಂದು ಕಷ್ಟವನ್ನು ಪಾಲಿಶಮ್ಮ ಯಾರಿಗೂ ಹೇಳಲಿಲ್ಲ. ಫೋಟೋದಲ್ಲಿ ಗೆರೆಗಳು ನಿಜವಾಗಿಯೂ ತಗ್ಗಾಗಿ ಕಾಣುತ್ತಿದ್ದವು. ಭೂತಗನ್ನಡಿಯಲ್ಲಿ ಉಬ್ಬು, ಫೋಟೋದಲ್ಲಿ ತಗ್ಗು. ಎಷ್ಟು ಸಲ ನೋಡಿದರೂ ಅಷ್ಟೇ. ಐವತ್ತೇಳು ವರ್ಷದ ಕಣ್ಣು, ಸೋತಿರಬಹುದು ಎಂದು ಅವರು ತಮ್ಮನ್ನೇ ಅನುಮಾನಿಸತೊಡಗಿದರು.

ಒಂದು ಬೆಳಿಗ್ಗೆ ಏಳೂಕಾಲಕ್ಕೆ ಫೋಟೋ ಊಟದ ಮೇಜಿನ ಮೇಲೆ ಅವರ ಮುಂದಿತ್ತು. ಎದುರಿನ ಕುರ್ಚಿಯಿಂದ ಯಜಮಾನರು ಚಹಾ ಕುಡಿಯುತ್ತ ಬಗ್ಗಿ ನೋಡಿದರು.

“ಇದೇನೇ, ಹೊಲಿಗೆ ದಾರದ ಥರ ಎದ್ದು ಕೂತಿದೆ?”

“ಎದ್ದು ಕೂತಿದ್ರೆ ನನಗ್ಯಾಕ್ರೀ ಈ ಗೋಳು? ಒಳಗೆ ಇಳ್ದಿದೆ ನೋಡಿ.”

“ಮೂವತ್ತು ವರ್ಷ ರಸ್ತೆ ನೋಡ್ದೋನು ನಾನು. ಗುಂಡಿ ಯಾವ್ದು ಉಬ್ಬು ಯಾವ್ದು ಅಂತ ನನಗೆ ಹೇಳ್ಕೊಡ್ತೀಯಾ? ಇದು ಉಬ್ಬು.”

“ಗುಂಡಿ.”

“ಉಬ್ಬು ಕಣೇ! ಇಲ್ಲಿ ಬಂದು ನೋಡು ಬೇಕಾದ್ರೆ.”

ಪಾಲಿಶಮ್ಮ ಎದ್ದು ಮೇಜು ಸುತ್ತಿ ಗಂಡನ ಬೆನ್ನ ಹಿಂದೆ ನಿಂತರು. ಗೆರೆಗಳು ದಾರದ ಹಾಗೆ ಎದ್ದು ಕೂತಿದ್ದವು. ತಮ್ಮ ಕುರ್ಚಿಗೆ ಓಡಿದರು: ಗುಂಡಿ. ಮತ್ತೆ ಈ ಕಡೆ: ಉಬ್ಬು. ಯಜಮಾನರನ್ನು ಎಬ್ಬಿಸಿ ತಮ್ಮ ಕುರ್ಚಿಯಲ್ಲಿ ಕೂರಿಸಿದರು.

“ಅರೆ, ಈಗ ಗುಂಡಿ ಬಿತ್ತಲ್ಲೇ! ಯಾರು ಅಗೆದ್ರು?”

ಯಾರೂ ಅಗೆದಿರಲಿಲ್ಲ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಕಣ್ಣು ಹುಟ್ಟಿನಿಂದ ನಂಬಿಕೊಂಡಿದೆ. ಗೆರೆಯ ಮೇಲಂಚು ಹೊಳೆದು ಕೆಳಗೆ ನೆರಳಿದ್ದರೆ ಅದನ್ನು ಉಬ್ಬು ಎಂದು ಓದುತ್ತದೆ. ಕೆಳಗೆ ಹೊಳೆದು ಮೇಲೆ ನೆರಳಿದ್ದರೆ ತಗ್ಗು ಎಂದು ಓದುತ್ತದೆ. ಇಡೀ ನಾಣ್ಯ ಕಂಡಿದ್ದರೆ ಸೂರ್ಯನ ಗುರುತು ಹಿಡಿದು ಕಣ್ಣು ತಿದ್ದಿಕೊಳ್ಳುತ್ತಿತ್ತೇನೋ. ಈ ಫೋಟೋದಲ್ಲಿ ಬರೀ ಗೆರೆಗಳಿದ್ದವು. ಫೋಟೋ ತೆಗೆಯುವಾಗ ದೀಪ ನಾಣ್ಯದ ಕೆಳಗಡೆ ಇತ್ತು ಎಂದುಕೊಂಡರೆ ಎಲ್ಲವೂ ತಾಳೆಯಾಗುತ್ತಿತ್ತು.

ಊಹೆಯ ಮೇಲೆ ಮಾತಾಡುವವರಲ್ಲ ಅವರು. ಆ ಸಂಜೆ ಕಾರ್ಯದರ್ಶಿಯವರ ಸ್ಟುಡಿಯೋಗೆ ಹೋಗಿ, ಅರ್ಜಿಗೆ ಬೇಕೆಂದು ತಮ್ಮದೇ ಸಣ್ಣ ಫೋಟೋ ತೆಗೆಸಿಕೊಂಡರು. ತೆಗೆಯುವಷ್ಟು ಹೊತ್ತೂ ಅವರ ಕಣ್ಣು ನಾಣ್ಯದ ಫೋಟೋ ತೆಗೆಯುವ ಮೂಲೆಯ ಮೇಜಿನ ಮೇಲಿತ್ತು. ಮೇಜು ಮೂರು ಕಡೆಯೂ ಗೋಡೆ, ಕಪಾಟಿಗೆ ಅಂಟಿಕೊಂಡಿತ್ತು. ದೀಪ ಇಡಲು ಉಳಿದದ್ದು ಒಂದೇ ಕಡೆ, ಸ್ಟುಡಿಯೋದವರ ಹೊಟ್ಟೆಯ ಕಡೆ, ಅಂದರೆ ನಾಣ್ಯದ ಕೆಳಗಡೆ. ಫೋಟೋದಲ್ಲಿ ಪಾಲಿಶಮ್ಮ ಪಕ್ಕಕ್ಕೆ ನೋಡುತ್ತಿದ್ದಾರೆ, ತುಟಿಯಂಚಿನಲ್ಲಿ ನಗು. ಯಾವ ಅರ್ಜಿಗೂ ಅದು ನಡೆಯುವುದಿಲ್ಲ. ಅದರ ಆರು ಪ್ರತಿ ಇಂದಿಗೂ ಅವರ ಹತ್ತಿರ ಇವೆ. ನೋಟುಬುಕ್ಕಿನಲ್ಲಿ ಅಂದಿನಿಂದ ಒಂದು ಹೊಸ ಕಾಲಂ ಸೇರಿತು: ಬೆಳಕು ಯಾವ ಕಡೆಯಿಂದ.

ವಾರ್ಷಿಕ ಸಭೆ ಗ್ರಂಥಾಲಯದ ಮಹಡಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಉದ್ದನೆಯ ಮೇಜಿನ ಸುತ್ತ ಹತ್ತೊಂಬತ್ತು ಜನ ಕೂತಿದ್ದರು. ಯಜಮಾನರು ಸದಸ್ಯರಲ್ಲದ್ದರಿಂದ ಬಾಗಿಲ ಪಕ್ಕದ ಸ್ಟೂಲಿನ ಮೇಲೆ. ಅಧ್ಯಕ್ಷರು ಮೂವತ್ತೆರಡು ವರ್ಷ ಭೂಗೋಳ ಪಾಠ ಮಾಡಿದ ಮೇಷ್ಟ್ರು. ಎದುರಿಗೆ ಯಾರೇ ಕೂತರೂ ತರಗತಿ ಎಂದೇ ಭಾವಿಸುವವರು.

“ಹೂಂ, ಹೇಳಿಯಮ್ಮ. ಆ ಗೀರು ಹೇಗೆ ಬಂತು?”

ಪಾಲಿಶಮ್ಮ ಫೋಟೋ ಅವರ ಮುಂದಿಟ್ಟರು. “ಹೇಳ್ತೀನಿ ಮೇಷ್ಟ್ರೇ. ಮೊದ್ಲು ನನಗೆ ಒಂದು ಪಾಠ ಹೇಳಿ. ನಕ್ಷೇಲಿ ಬೆಟ್ಟ ಬರೆದಾಗ ನೆರಳು ಯಾವ ಕಡೆ ಹಾಕ್ತಾರೆ?”

“ಕೆಳಗೆ, ಬಲಗಡೆ. ಬೆಳಕು ಮೇಲೆ ಎಡಗಡೆಯಿಂದ ಬರುತ್ತೆ ಅಂತ ಇಟ್ಕೊಳ್ಳೋದು. ಅದು ಪದ್ಧತಿ.”

“ಯಾಕೆ ಆ ಪದ್ಧತಿ?”

“ಯಾಕೆ ಅಂದ್ರೆ, ಕೆಳಗಿಂದ ಬೆಳಕು ಹಾಕಿದ್ರೆ ಬೆಟ್ಟ ಎಲ್ಲ ಕಣಿವೆ ಥರ...”

ಮೇಷ್ಟ್ರು ಅಲ್ಲಿಗೇ ನಿಂತರು. ಫೋಟೋ ನೋಡಿದರು. ತಾವೇ ಕೈ ಚಾಚಿ ಅದನ್ನು ತಲೆಕೆಳಗು ಮಾಡಿದರು.

ಫೋಟೋ ಮೇಜಿನ ಸುತ್ತ ಹೊರಟಿತು. ಪ್ರತಿಯೊಬ್ಬರೂ ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಹಿಡಿದು ನೋಡಿ, “ಅಯ್ಯೋ”, “ಇದೇನ್ರೀ ಇದು” ಎನ್ನುತ್ತ ಪಕ್ಕದವರಿಗೆ ಕೊಟ್ಟರು. ಸ್ಟುಡಿಯೋದವರಿಗೆ ಮಾತ್ರ ಸಮಾಧಾನವಾಗಲಿಲ್ಲ.

“ಫೋಟೋ ತಿರುಗಿಸಿದ್ರೆ ಸತ್ಯ ತಿರುಗುತ್ತಾ ಅಮ್ಮಾ? ದೀಪ ಎಲ್ಲಿತ್ತು ಅಂತ ನಿಮಗ್ಹೇಗೆ ಗೊತ್ತು?”

“ನಿಮ್ಮ ಮೇಜಿಗೆ ಮೂರು ಕಡೆ ಗೋಡೆ, ಕಪಾಟು. ದೀಪಕ್ಕೆ ಉಳಿದಿದ್ದು ನಿಮ್ಮ ಹೊಟ್ಟೆ ಮುಂದಿನ ಜಾಗ. ಅದೂ ಜಾಸ್ತಿ ಏನಿಲ್ಲ.”

ನಗು ಎದ್ದಿತು. ಸ್ಟುಡಿಯೋದವರೂ ಹೊಟ್ಟೆ ಮುಟ್ಟಿಕೊಂಡು ನಕ್ಕುಬಿಟ್ಟರು.

ನಗುವಿನಿಂದ ಲೆಕ್ಕ ಚುಕ್ತಾ ಆಗುವುದಿಲ್ಲವೆಂದು ಪಾಲಿಶಮ್ಮನಿಗೆ ಗೊತ್ತಿತ್ತು. ಕಿಟಕಿಯ ಪರದೆ ಎಳೆಸಿದರು. ನಾಣ್ಯವನ್ನು ಬಿಳಿ ಬಟ್ಟೆಯ ಮೇಲಿಟ್ಟು, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ನಾಣ್ಯದ ಸುತ್ತ ನಿಧಾನವಾಗಿ ತಿರುಗಿಸಿದರು. ಭೂತಗನ್ನಡಿ ಮೇಷ್ಟ್ರ ಕೈಯಲ್ಲಿತ್ತು.

“ದೊಡ್ಡ ಕಿರಣ ನೋಡಿ. ಅದು ಉಬ್ಬು ಅನ್ನೋದ್ರಲ್ಲಿ ಜಗಳ ಇಲ್ಲ ತಾನೇ? ನೆರಳು ಯಾವ ಕಡೆ?”

“ಟಾರ್ಚಿನಿಂದ ಆಚೆ ಕಡೆ.”

“ಗೆರೆ ನೆರಳು?”

“ಅದೂ ಆಚೆ ಕಡೆ.” ಟಾರ್ಚು ಇನ್ನಷ್ಟು ತಿರುಗಿತು. “ಈಗಲೂ.” ಇನ್ನಷ್ಟು. “ಈಗಲೂ.”

“ತಗ್ಗಾಗಿದ್ರೆ ನೆರಳು ಟಾರ್ಚಿನ ಕಡೆ ಅಂಚಲ್ಲೇ ಬೀಳ್ತಿತ್ತು. ಇನ್ನೊಂದು ನೋಡಿ. ಗೆರೆ ಎಲ್ಲ ಈ ಉದ್ದ ಕಿರಣದ ಬುಡಕ್ಕೆ ಬಂದು ನಿಂತುಹೋಗ್ತವೆ, ಮೇಲೆ ಹತ್ತಲ್ಲ. ನಾನು ಅರ ಹಿಡಿದು ನಾಣ್ಯ ಉಜ್ಜಿದ್ರೆ ಮೊದ್ಲು ಗಾಯ ಆಗ್ಬೇಕಾಗಿದ್ದು ಎತ್ತರದಲ್ಲಿರೋ ಕಿರಣಕ್ಕೆ. ಅದರ ಮೈಮೇಲೆ ಒಂದು ಗೀರಿಲ್ಲ. ಉಜ್ಜಿದ್ದು ನಾಣ್ಯಾನಲ್ಲ ಮೇಷ್ಟ್ರೇ, ಅಚ್ಚನ್ನ. ಅಚ್ಚಿನಲ್ಲಿ ಕಿರಣ ತಗ್ಗಲ್ಲಿರುತ್ತೆ. ಅಲ್ಲಿಗೆ ಉಜ್ಜೋ ಕೈ ಇಳಿಯಲ್ಲ.” ಅವರು ಕುಡಿಯಿಲ್ಲದ ದೀಪದ ಪದಕವನ್ನು ಚೀಲದಿಂದ ತೆಗೆದು ಪಕ್ಕದಲ್ಲಿಟ್ಟರು. “ಹೇಗೆ ಗೊತ್ತು ಅಂತ ಕೇಳ್ತೀರಲ್ಲ. ಈ ತಪ್ಪು ನಾನೂ ಮಾಡಿದ್ದೀನಿ. ಆರುನೂರು ಸಲ ಒತ್ತಿದ್ದಾರೆ.”

ತಮ್ಮ ತಪ್ಪನ್ನು ಸಾಕ್ಷಿಯಾಗಿ ಚೀಲದಲ್ಲಿ ಹೊತ್ತು ತಂದವರನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ.

“ಒಂದು ಅಚ್ಚು ಒಂದೇ ನಾಣ್ಯ ಒತ್ತಲ್ಲ,” ಪಾಲಿಶಮ್ಮ ಮುಂದುವರಿಸಿದರು. “ಇದರ ಅಣ್ಣ ತಮ್ಮಂದಿರು ಎಲ್ಲೋ ಇರ್ಲೇಬೇಕು. ವಾರ್ಷಿಕ ಸಭೆ ಅಂತ ಇವತ್ತು ಎಲ್ಲರೂ ನಿಮ್ಮ ನಾಣ್ಯದ ತಟ್ಟೆ ತಂದಿದ್ದೀರಿ. ಸೂರ್ಯ ಐದು ಇರೋರು ಐದು ಗಂಟೆ ಜಾಗ ನೋಡಿ. ಸಿಗುತ್ತೆ ಅಂತ ಭರವಸೆ ಕೊಡಲ್ಲ. ನೋಡಿ, ಅಷ್ಟೇ.”

ಪರದೆ ಸರಿಯಿತು. ಆಮೇಲಿನ ಇಪ್ಪತ್ತು ನಿಮಿಷ ಆ ಕೋಣೆಯಲ್ಲಿ ಕೇಳಿಸಿದ್ದು ಗೊಣಗುಟ್ಟುವ ಎಣಿಕೆ ಮಾತ್ರ. ಹತ್ತೊಂಬತ್ತು ತಲೆಗಳು ಹತ್ತೊಂಬತ್ತು ತಟ್ಟೆಗಳ ಮೇಲೆ ಬಾಗಿದ್ದವು. ಯಾರೋ ಮೂವತ್ತಮೂರು ಎಣಿಸಿ ಬೈಸಿಕೊಂಡರು. ಯಜಮಾನರು ಸ್ಟೂಲಿನಿಂದ ಎದ್ದು, ಹಲ್ಲುಕಡ್ಡಿಯ ಡಬ್ಬಿ ಹಿಡಿದು, ಟಿಕೆಟ್ ಹರಿಯುವವರ ಹಾಗೆ ಎಲ್ಲರಿಗೂ ಒಂದೊಂದು ಹಂಚಿದರು.

ಮೇಷ್ಟ್ರ ತಟ್ಟೆಯಲ್ಲಿ ಸೂರ್ಯ ಐದು ಇಪ್ಪತ್ತೆರಡು ಇದ್ದವು. ಹದಿನೇಳನೆಯದರ ಮೇಲೆ ಅವರು ಬಹಳ ಹೊತ್ತು ಕೂತರು. ಬಲಕ್ಕೆ ಒಂದು ಸುತ್ತು, ಎಡಕ್ಕೆ ಒಂದು ಸುತ್ತು. ಆಮೇಲೆ ಎದ್ದು, ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದು ಪಾಲಿಶಮ್ಮನ ಕುರ್ಚಿಯ ತನಕ ತಾವೇ ನಡೆದು ಬಂದರು.

ಎರಡು ನಾಣ್ಯ ಅಕ್ಕಪಕ್ಕ ಇಟ್ಟರು. ಅದೇ ಬೋಳು. ಅದೇ ಓರೆಯ ಗೆರೆಗಳು. ನಾಲ್ಕನೆಯ ಗೆರೆ ನಡುವೆ ಸ್ವಲ್ಪ ಕೊಂಕಿತ್ತು, ಎರಡರಲ್ಲೂ ಅದೇ ಜಾಗದಲ್ಲಿ. ಎರಡು ಕೈ ಎರಡು ನಾಣ್ಯದ ಮೇಲೆ ಹಾಗೆ ಉಜ್ಜಲು ಸಾಧ್ಯವೇ ಇರಲಿಲ್ಲ.

“ಇದು ನನ್ನ ತಟ್ಟೇಲಿ ಇಪ್ಪತ್ತು ವರ್ಷದಿಂದ ಇದೆ,” ಎಂದರು ಮೇಷ್ಟ್ರು. “ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಅದರ ಮೇಲೆ ಹುಡುಕಿ ಕೊಟ್ಟೋರಿಗೇ ಕಳ್ಳಿ ಅಂದೆ.” ಸಭೆಯ ಕಡೆ ತಿರುಗಿದರು. “ಪತ್ರ ಬರೆದಿದ್ದು ನಾನು. ‘ವೃತ್ತಿಯನ್ನೂ ಗಮನಿಸಿ’ ಅನ್ನೋ ಮಾತು ನಡಾವಳಿಯಲ್ಲಿ ಹಾಗೇ ಇರಲಿ. ಕೆಳಗೆ ಇಷ್ಟು ಸೇರಿಸಿ: ವೃತ್ತಿ ಗೊತ್ತಿದ್ದದ್ದರಿಂದಲೇ ಇದು ಕಂಡಿತು.”

ಬಾಗಿಲ ಬಳಿಯಿಂದ ಮೊದಲ ಚಪ್ಪಾಳೆ ಬಿತ್ತು. ಸದಸ್ಯರಲ್ಲದವರು ಚಪ್ಪಾಳೆ ತಟ್ಟಬಾರದೆಂಬ ನಿಯಮ ಇದ್ದಂತಿಲ್ಲ. ಆಮೇಲೆ ಮೇಜಿನ ಸುತ್ತ ಎಲ್ಲರೂ ತಟ್ಟಿದರು. ನಾಲ್ಕು ನಾಣ್ಯ ವಾಪಸು ಕೊಟ್ಟಿದ್ದ ಸದಸ್ಯರು ಬಂದು, ಅವನ್ನೇ ಮತ್ತೆ ಕೊಡುತ್ತೀರಾ ಎಂದು ಕೇಳಿದರು. “ಕೊಡ್ತೀನಿ. ಈ ಸಲ ನಿಮ್ಮಿಂದ ಐದು” ಎಂದರು ಪಾಲಿಶಮ್ಮ.

ಆಗಲೇ ಸ್ಟುಡಿಯೋದವರು ಕೈಪಿಡಿಯ ನಮೂನೆ ತೆಗೆದು ತುಂಬಿಸತೊಡಗಿದರು. ಬಗೆ: ಮೂರನೆಯದು. ಕಿರಣಗಳು: ಮೂವತ್ತೊಂದು. ಕಾರಣ: ಅಚ್ಚಿಗೆ ಹೆಚ್ಚಾದ ಪಾಲಿಶ್. ಮೊದಲು ಗುರುತಿಸಿದವರು ಎಂಬಲ್ಲಿ ಪಾಲಿಶಮ್ಮನ ಹೆಸರು. ಕೊನೆಯ ಕಾಲಂನಲ್ಲಿ, ಇಂಥವು ಈವರೆಗೆ ಎಷ್ಟು ಸಿಕ್ಕಿವೆ ಎಂದು ಬರೆಯಬೇಕಿತ್ತು. ಅದನ್ನು ಗುರುತಿಸಿದವರೇ ಎದ್ದು ನಿಂತು ಸಭೆಗೆ ಕೇಳುವಂತೆ ಹೇಳಬೇಕು.

“ಒಂದು ಅಂತ ಹೇಳಿಬಿಡಿ ಅಮ್ಮಾ,” ಯಾರೋ ಪಿಸುಗುಟ್ಟಿದರು. “ಲೋಕದಲ್ಲಿ ಒಂದೇ ಅಂದ್ರೆ ಅದರ ಗತ್ತೇ ಬೇರೆ.”

“ಹೌದು, ನನ್ನದನ್ನ ಬಿಟ್ಟುಬಿಡಿ,” ಎಂದರು ಮೇಷ್ಟ್ರು. “ಇಪ್ಪತ್ತು ವರ್ಷ ಇಟ್ಕೊಂಡೂ ನೋಡ್ದೇ ಇದ್ದೋನಿಗೆ ಅದರಲ್ಲಿ ಪಾಲಿಲ್ಲ. ಈ ಸಲದ ಕೈಪಿಡೀಲಿ ನಿಮ್ಮದೊಂದೇ ಇರಲಿ.”

ಈಗಿನ ಕೈಪಿಡಿಯಲ್ಲಿ ಆ ಸಂಖ್ಯೆ ಇಪ್ಪತ್ತಾರಕ್ಕೆ ಏರಿದೆ. ಬೇರೆ ಬೇರೆ ಊರಿನವರು ತಟ್ಟೆ ತಡಕಿ ಬರೆದು ಕಳಿಸಿದ್ದಾರೆ. ಆ ವರ್ಷದ ಮುದ್ರಣದಲ್ಲಿರುವುದು ಮಾತ್ರ ಪಾಲಿಶಮ್ಮ ಅಂದು ಕುರ್ಚಿ ಹಿಂದೆ ಸರಿಸಿ ಎದ್ದು ನಿಂತು, ಸೀರೆಯ ಸೆರಗು ಸರಿಮಾಡಿಕೊಂಡು, ಬಾಗಿಲ ಬಳಿಯ ಸ್ಟೂಲಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ ಸಂಖ್ಯೆ.

“ಎರಡು.”